ವೈನು ಬಪ್ಪು: ಹೈದರಾಬಾದಿನ ವೇಧಶಾಲೆಯಿಂದ ಕಾವಲೂರಿನವರೆಗೆ

1956ರವರೆಗೆ ನಮ್ಮ ಗುಂಡಗುರ್ತಿ, ಚಿತ್ತಾಪುರ, ಸೇಡಂ ಎಲ್ಲವೂ ಹೈದರಾಬಾದ್ ರಾಜ್ಯದ ಊರುಗಳು. ಆ ರಾಜ್ಯದ ಕಚೇರಿ, ಕಾಲೇಜುಗಳ ಮಾತು ಹಿರಿಯರ ಬಾಯಲ್ಲಿ ಈಗಲೂ ಬರುತ್ತದೆ. ಅಲ್ಲೊಂದು ಹೆಸರಾಂತ ವೇಧಶಾಲೆ ಇತ್ತೆಂಬುದು ಮಾತ್ರ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ ತಿಳಿಯದು.

ನವಾಬ್ ಜಫರ್ ಜಂಗ್ ಬಹಾದ್ದೂರ್ ಅವರು ವಿಲಾಯತಿಯಿಂದ 15 ಇಂಚಿನ ದೂರದರ್ಶಕ ತರಿಸಿ 1901ರಲ್ಲಿ ಅದನ್ನು ಆರಂಭಿಸಿ, ನಿಜಾಮಿಯಾ ಎಂದು ಹೆಸರಿಟ್ಟರು. 1907ರಲ್ಲಿ ಅವರು ತೀರಿಕೊಂಡ ಮೇಲೆ ನಿಜಾಂ ಸರ್ಕಾರ ಅದನ್ನು ವಹಿಸಿಕೊಂಡಿತು. ಆಗ ಇಡೀ ಆಕಾಶವನ್ನು ಫೋಟೋ ಫಲಕಗಳಲ್ಲಿ ಹಿಡಿದು ಪಟ್ಟಿ ಮಾಡುವ ಕೆಲಸವನ್ನು ಹಲವು ದೇಶಗಳು ಹಂಚಿಕೊಂಡಿದ್ದವು. ಹೈದರಾಬಾದಿನ ಪಾಲಿಗೆ ಬಂದ ನಕ್ಷತ್ರಗಳು ಏಳು ಲಕ್ಷಕ್ಕೂ ಹೆಚ್ಚು. ಗಣಕಯಂತ್ರವಿಲ್ಲದ ಕಾಲ, ಒಂದೊಂದನ್ನೂ ಕಣ್ಣಿಟ್ಟು ಅಳೆದು ಬರೆದರು.

ಈ ವೇಧಶಾಲೆಯ ನೌಕರರೊಬ್ಬರ ಮಗನೇ ಮನಲಿ ಕಲ್ಲಟ್ ವೈನು ಬಪ್ಪು. ಜನನ 1927ರ ಆಗಸ್ಟ್ 10, ಮದರಾಸಿನಲ್ಲಿ. ಮೂಲ ಮಲಬಾರಿನ ಮನೆತನ. ಓದಿದ್ದು ಹೈದರಾಬಾದಿನಲ್ಲಿ, ನಿಜಾಂ ಕಾಲೇಜಿನಲ್ಲಿ. ಬೆಳಕು ಏರಿಳಿಯುವ ನಕ್ಷತ್ರಗಳ ಬಗ್ಗೆ ಅವರ ಲೇಖನ ಅಚ್ಚಾದಾಗ ಇನ್ನೂ ವಿದ್ಯಾರ್ಥಿ. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಹಾರ್ವರ್ಡ್‌ಗೆ ಹೋದರು. 1949ರ ಜುಲೈನಲ್ಲಿ, ಹೋಗಿ ಕೆಲವೇ ತಿಂಗಳಿಗೆ, ಫೋಟೋ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಅದಕ್ಕೆ ಬಪ್ಪು, ಬೋಕ್, ನ್ಯೂಕರ್ಕ್ ಈ ಮೂವರ ಹೆಸರು ಬಂತು.

1952ರಲ್ಲಿ ಡಾಕ್ಟರೇಟ್ ಆಯಿತು. ಬಳಿಕ ಓಲಿನ್ ವಿಲ್ಸನ್ ಅವರೊಂದಿಗೆ, ತಂಪು ನಕ್ಷತ್ರಗಳ ಬೆಳಕಿನಲ್ಲಿ ಕ್ಯಾಲ್ಸಿಯಂನ ಒಂದು ಗೆರೆಯ ಅಗಲ ಅಳೆದರೆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆಂದು ತೋರಿಸಿದರು. ನಿಜವಾದ ಪ್ರಕಾಶ ತಿಳಿದರೆ ದೂರವೂ ತಿಳಿದಂತೆ. 1957ರಲ್ಲಿ ಪ್ರಕಟವಾದ ಇದಕ್ಕೆ ವಿಲ್ಸನ್-ಬಪ್ಪು ಪರಿಣಾಮ ಎನ್ನುತ್ತಾರೆ.

ಪರದೇಶದಲ್ಲೇ ನಿಂತಿದ್ದರೆ ದೊಡ್ಡ ದೂರದರ್ಶಕಗಳಿಗೆ ಕೊರತೆ ಇರಲಿಲ್ಲ. ಅವರು ತಿರುಗಿ ಬಂದರು. ಉತ್ತರ ಪ್ರದೇಶದ ವೇಧಶಾಲೆಯನ್ನು ನೈನಿತಾಲದಲ್ಲಿ ನೆಲೆಗೊಳಿಸಿ, 1960ರಲ್ಲಿ ಕೊಡೈಕೆನಾಲಿನ ನಿರ್ದೇಶಕರಾದರು. ಅಲ್ಲಿ ಸೂರ್ಯನ ಅಧ್ಯಯನ ಚೆನ್ನಾಗಿತ್ತು. ರಾತ್ರಿಯ ಆಕಾಶಕ್ಕೆ ಬೇರೆ ಜಾಗ ಬೇಕಿತ್ತು. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು ಆರಿಸಿ, 1968ರಲ್ಲಿ 38 ಸೆಂಟಿಮೀಟರಿನ ಸಣ್ಣ ದೂರದರ್ಶಕದಿಂದ ಶುರು ಮಾಡಿದರು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತವಾಯಿತು. ಅದರ ಕೇಂದ್ರ ಬೆಂಗಳೂರಿನ ಕೋರಮಂಗಲ.

ಇಲ್ಲಿ ಅವಕೆಂಪು ಕಿರಣದ ಮಾತು ಹೇಳಬೇಕು. ಬೇಸಿಗೆಯಲ್ಲಿ ನಮ್ಮ ಶಹಾಬಾದ್ ಪರ್ಸಿಯ ಮಾಳಿಗೆ ಹೊತ್ತು ಮುಳುಗಿದ ಮೇಲೂ ಕಾವು ಬಿಡುತ್ತಿರುತ್ತದೆ. ಕಣ್ಣಿಗೆ ಕಾಣದ ಆ ಕಾವೇ ಅವಕೆಂಪು. ಹುಟ್ಟುತ್ತಿರುವ ನಕ್ಷತ್ರ, ಧೂಳಿನ ಮೋಡ ಹೀಗೆಯೇ ಕಾವು ಸೂಸುತ್ತವೆ. ಆದರೆ ನಮ್ಮ ಗಾಳಿಯ ನೀರಾವಿ ಅದರ ಬಹುಪಾಲನ್ನು ತಡೆಯುತ್ತದೆ. ದೂರದರ್ಶಕ ತಾನೇ ಬೆಚ್ಚಗಿದ್ದರೆ ಅದರ ಕಾವೂ ಸೇರಿಕೊಳ್ಳುತ್ತದೆ. ಅದಕ್ಕೇ ಎತ್ತರಕ್ಕೆ ಹೋಗಬೇಕು, ಯಂತ್ರವನ್ನು ತಣ್ಣಗಿಡಬೇಕು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾಯ್ದಾಗ, ಅವಕೆಂಪು ವೀಕ್ಷಣೆಗೆಂದೇ ದೂರದರ್ಶಕ ಹೊತ್ತ ಅಮೆರಿಕದ ವಿಮಾನ ಹಿಂದೂ ಮಹಾಸಾಗರದ ಮೇಲೆ ಹಾರುತ್ತಿತ್ತು. ಅದೇ ಹೊತ್ತು ಕಾವಲೂರಿನ 1 ಮೀಟರ್ ದೂರದರ್ಶಕವೂ ಆ ನಕ್ಷತ್ರದತ್ತ ತಿರುಗಿತ್ತು. ಬೆಳಕು ಕೆಲವು ಸೆಕೆಂಡು ಕುಂದಿದ್ದನ್ನು ಎರಡೂ ಕಡೆ ದಾಖಲಿಸಿದರು. ಅದು ಯುರೇನಸ್ಸಿನ ಉಂಗುರ.

ಆ 1 ಮೀಟರಿನದು ಜರ್ಮನಿಯಿಂದ ಬಂದದ್ದು. ಬಪ್ಪು ಅವರ ಹಟವೆಂದರೆ ಮುಂದಿನದು, ಅದರ ಎರಡು ಪಟ್ಟಿಗೂ ದೊಡ್ಡದು, ಇಲ್ಲಿಯೇ ತಯಾರಾಗಬೇಕೆಂಬುದು. ಕೊಂಡು ತಂದಿದ್ದರೆ ಬೇಗ ಆಗುತ್ತಿತ್ತೇನೋ. ಕನ್ನಡಿ ಉಜ್ಜುವುದರಿಂದ ಹಿಡಿದು ಎಲ್ಲವನ್ನೂ ನಮ್ಮವರೇ ಕಲಿಯುತ್ತ ಮಾಡಿದ್ದರಿಂದ ವರ್ಷಗಳು ಉರುಳಿದವು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು, 1981ರಲ್ಲಿ ಪದ್ಮಭೂಷಣ ಬಂತು. ದೂರದರ್ಶಕ ಮಾತ್ರ ಮುಗಿದಿರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯ ನಂತರ 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ನಿಧನರಾದರು. ವಯಸ್ಸು 55.

ಐದು ತಿಂಗಳಿಗೆ, 1983ರ ಜನವರಿಯಲ್ಲಿ, ಐರಾಸ್ ಉಪಗ್ರಹ ಹಾರಿತು. ದ್ರವ ಹೀಲಿಯಂನಿಂದ ತಂಪಾಗಿಸಿದ 57 ಸೆಂಟಿಮೀಟರಿನ ಅದರ ದೂರದರ್ಶಕ ಹತ್ತು ತಿಂಗಳಲ್ಲಿ ಬಹುತೇಕ ಇಡೀ ಆಕಾಶವನ್ನು ಅವಕೆಂಪಿನಲ್ಲಿ ಸರ್ವೆ ಮಾಡಿ, ಸುಮಾರು ಎರಡೂವರೆ ಲಕ್ಷ ಬಿಂದುಗಳ ಪಟ್ಟಿ ಕೊಟ್ಟಿತು. ಹೈದರಾಬಾದಿನಲ್ಲಿ ದಶಕಗಳ ಕಾಲ ಕೈಯಿಂದ ಅಳೆದವರನ್ನು ನೆನೆದರೆ ಈ ವೇಗ ಬೆರಗು ಹುಟ್ಟಿಸುತ್ತದೆ.

ಕಾವಲೂರಿನ 2.3 ಮೀಟರ್ ದೂರದರ್ಶಕಕ್ಕೆ 1986ರ ಜನವರಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ವೈನು ಬಪ್ಪು ಅವರ ಹೆಸರಿಟ್ಟರು. ಮುಂದೆ ಅದೇ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಒಣಗಾಳಿಯಲ್ಲಿ, ಅವಕೆಂಪನ್ನೂ ನೋಡಬಲ್ಲ 2 ಮೀಟರಿನ ದೂರದರ್ಶಕ ನಿಲ್ಲಿಸಿತು. ಅದನ್ನು ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಸಂಪರ್ಕದಿಂದ.