ಪರಮಾಣುವನ್ನು ತೂಗಿದ ಆಸ್ಟನ್

ಕ್ಲೋರಿನ್ನಿನ ಪರಮಾಣು ತೂಕ 35.5 ಎಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅಷ್ಟು ತೂಗುವ ಒಂದೇ ಒಂದು ಕ್ಲೋರಿನ್ ಪರಮಾಣುವೂ ಪ್ರಪಂಚದಲ್ಲಿಲ್ಲ! ಇದನ್ನು ತೋರಿಸಿಕೊಟ್ಟವರು ಫ್ರಾನ್ಸಿಸ್ ವಿಲಿಯಂ ಆಸ್ಟನ್.

1877ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ ಜನಿಸಿದ ಇವರು ಮೊದಲು ಬಿಯರ್ ಕಾರ್ಖಾನೆಯೊಂದರಲ್ಲಿ ರಸಾಯನಜ್ಞರಾಗಿದ್ದರು. 1910ರಲ್ಲಿ ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ನರ ಸಹಾಯಕರಾದರು. ನಿಯಾನ್ ಅನಿಲದಲ್ಲಿ ಎರಡು ತೂಕದ ಪರಮಾಣುಗಳಿವೆಯೇ ಎಂಬ ಸಂಶಯ ಅಲ್ಲಿ ಹುಟ್ಟಿತು. ಅನಿಲವನ್ನು ಜೇಡಿಮಣ್ಣಿನ ನಳಿಗೆಯಲ್ಲಿ ಮತ್ತೆ ಮತ್ತೆ ಹಾಯಿಸಿ ಬೇರ್ಪಡಿಸಲು ಹೆಣಗಿದರು. ದೊರೆತದ್ದು ಅತ್ಯಲ್ಪ ವ್ಯತ್ಯಾಸ. ಅಷ್ಟರಲ್ಲಿ ಮಹಾಯುದ್ಧ ಬಂತು.

1919ರಲ್ಲಿ ಅವರು ದ್ರವ್ಯರಾಶಿ ರೋಹಿತಲೇಖಿಯನ್ನು ನಿರ್ಮಿಸಿದರು. ವಿದ್ಯುದಾವೇಶ ಪಡೆದ ಪರಮಾಣುಗಳು ಅದರ ವಿದ್ಯುತ್ ಹಾಗೂ ಕಾಂತಕ್ಷೇತ್ರಗಳಲ್ಲಿ ಬಾಗಿ, ತೂಕಕ್ಕೆ ತಕ್ಕಂತೆ ಛಾಯಾಫಲಕದ ಮೇಲೆ ಬೇರೆ ಬೇರೆ ಗೆರೆ ಮೂಡಿಸಿದವು. ನಿಯಾನ್ 20, 22 ಎಂದೂ ಕ್ಲೋರಿನ್ 35, 37 ಎಂದೂ ಒಡೆಯಿತು. 1922ರಲ್ಲಿ ನೊಬೆಲ್ ಪಾರಿತೋಷಕ ಬಂತು.

ನಮಗೆ ಇದಕ್ಕಿಂತ ಹಿರಿದಾಗಿ ಕಾಣುವುದು ಇನ್ನೊಂದು. ಆಮ್ಲಜನಕ 16 ಎಂದಿಟ್ಟರೆ ಉಳಿದವು ಹೆಚ್ಚುಕಡಿಮೆ ಪೂರ್ಣಾಂಕಗಳು. ಜಲಜನಕ ಮಾತ್ರ 1.008. ಅಂದರೆ ನಾಲ್ಕು ಜಲಜನಕ ಸೇರಿ ಹೀಲಿಯಂ ಆಗುವಾಗ ಸಾವಿರಕ್ಕೆ ಸುಮಾರು 7 ಪಾಲು ತೂಕ ಮಾಯ! ಅದೇ ಸೂರ್ಯನ ಶಕ್ತಿಯಾಗಿರಬಹುದೆಂದು ಎಡಿಂಗ್ಟನ್ 1920ರಲ್ಲೇ ಊಹಿಸಿದರು. ಆ ಶಕ್ತಿ ಬಿಡುಗಡೆಯಾದರೆ ಮನುಷ್ಯನ ಹಿಡಿತ ಮೀರಬಹುದೆಂದು ಆಸ್ಟನ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು.

ಅವರು ತೀರಿಕೊಂಡದ್ದು 1945ರ ನವೆಂಬರ್ 20ರಂದು, ಹಿರೋಷಿಮಾದ ಮೇಲೆ ಬಾಂಬು ಬಿದ್ದು ಮೂರು ತಿಂಗಳಾದ ಮೇಲೆ.