ದಾಸ್ಯವಿಮೋಚನೆಯ ವ್ರತಸ್ಥೆ ಏಂಜಲಿನಾ ಗ್ರಿಮ್ಕೆ

ಅನ್ಯರ ಮನೆಯ ಅನ್ಯಾಯವನ್ನು ಖಂಡಿಸುವುದು ಸುಲಭ. ತಾನುಣ್ಣುವ ಅನ್ನವೇ ಅನ್ಯಾಯದಿಂದ ಬಂದುದೆಂದು ಅರಿವಾದಾಗ ಅದನ್ನು ತೊರೆದು ಹೊರಡುವುದು ಕಠಿನ. ಆ ಕಠಿನ ವ್ರತವನ್ನು ಕೈಕೊಂಡು ಕಡೆಯವರೆಗೂ ನಡೆಸಿದವರಲ್ಲಿ ಅಮೆರಿಕದ ಏಂಜಲಿನಾ ಗ್ರಿಮ್ಕೆಯು ಒಬ್ಬಳು.

ಈಕೆಯು 1805ರಲ್ಲಿ ದಕ್ಷಿಣ ಕ್ಯಾರೊಲಿನಾ ಸಂಸ್ಥಾನದ ಚಾರ್ಲ್ಸ್‌ಟನ್ ನಗರದಲ್ಲಿ ಜನಿಸಿದಳು. ತಂದೆಯು ಪ್ರಸಿದ್ಧ ನ್ಯಾಯಾಧೀಶ. ವಿಸ್ತಾರವಾದ ತೋಟಗಳಿಗೂ ಅನೇಕ ಗುಲಾಮರಿಗೂ ಒಡೆಯ. 14 ಮಂದಿ ಮಕ್ಕಳಲ್ಲಿ ಏಂಜಲಿನಾಳೇ ಕಡೆಯವಳು. 12 ವರ್ಷ ಹಿರಿಯಳಾದ ಅಕ್ಕ ಸಾರಾ, ತಂಗಿಯ ದೀಕ್ಷಾಸ್ನಾನದಲ್ಲಿ ಧರ್ಮಮಾತೆಯಾಗಿ ನಿಂತು, ಆಕೆಯನ್ನು ಮಗಳಂತೆ ಸಲಹಿದಳು. ಶಾಲೆಯಲ್ಲಿ ಒಮ್ಮೆ ಕಿಟಕಿ ತೆರೆಯಲೆಂದು ಬಂದ ಗುಲಾಮ ಬಾಲಕನೊಬ್ಬನು ಚಾವಟಿಯ ಗಾಯಗಳಿಂದ ನಡೆಯಲಾರದೆ ಇರುವುದನ್ನು ಕಂಡು ಏಂಜಲಿನಾ ಮೂರ್ಛೆ ಹೋದಳು. ಆ ನೋಟವು ಆಕೆಯ ಎದೆಯಿಂದ ಅಳಿಯಲಿಲ್ಲ.

ಪ್ರಾಯಕ್ಕೆ ಬಂದ ಮೇಲೆ, ಗುಲಾಮಗಿರಿಯು ಪಾಪವೆಂದು ಬಹಿರಂಗವಾಗಿ ಸಾರಬೇಕೆಂದು ತನ್ನ ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರನ್ನು ಬೇಡಿಕೊಂಡಳು. ಆ ಹಿರಿಯರೂ ಗುಲಾಮರನ್ನು ಇಟ್ಟುಕೊಂಡವರೇ. ಅವರು ಆಕೆಯ ಮಾತನ್ನು ಮನ್ನಿಸಲಿಲ್ಲ. ಕೊನೆಗೆ ಸಭೆಯಿಂದಲೇ ಹೊರಗಿಟ್ಟರು. ತಾಯಿಯ ಮನವನ್ನಾದರೂ ತಿರುಗಿಸಲೆಳಸಿ ಸೋತ ಏಂಜಲಿನಾ, 1829ರಲ್ಲಿ ಸಿರಿಯ ಮನೆಯನ್ನು ತ್ಯಜಿಸಿ ಫಿಲಡೆಲ್ಫಿಯಕ್ಕೆ ಹೊರಟಳು. ಅಕ್ಕ ಸಾರಾ ಮೊದಲೇ ಅಲ್ಲಿಗೆ ಹೋಗಿ ಕ್ವೇಕರ್ ಪಂಥವನ್ನು ಸೇರಿದ್ದಳು.

1835ರಲ್ಲಿ ದಾಸ್ಯವಿರೋಧಿ ನಾಯಕ ಗ್ಯಾರಿಸನ್ನನಿಗೆ ಆಕೆ ಬರೆದ ಪತ್ರವು ಅವನ ‘ಲಿಬರೇಟರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಹಿಂತೆಗೆದುಕೊಳ್ಳೆಂದು ಕ್ವೇಕರರು ಒತ್ತಾಯಿಸಿದರು. ಪ್ರಿಯಳಾದ ಅಕ್ಕನೂ ನೊಂದುಕೊಂಡಳು. ಏಂಜಲಿನಾ ಮಣಿಯಲಿಲ್ಲ. ಮರುವರ್ಷ ದಕ್ಷಿಣದ ಕ್ರೈಸ್ತ ಸ್ತ್ರೀಯರನ್ನು ಸಂಬೋಧಿಸಿ ಒಂದು ಮನವಿಯನ್ನು ಬರೆದಳು. ಅದರ ಪ್ರತಿಗಳನ್ನು ಹುಟ್ಟೂರಿನ ಅಂಚೆಯಧಿಕಾರಿಯೇ ಸುಡಿಸಿದನು. ಊರಿಗೆ ಮರಳಿದರೆ ಸೆರೆ ತಪ್ಪದೆಂಬ ಎಚ್ಚರಿಕೆಯೂ ಬಂದಿತು. ತೌರಿನ ಬಾಗಿಲು ಹೀಗೆ ಮುಚ್ಚಿತು.

1837ರಲ್ಲಿ ಅಕ್ಕತಂಗಿಯರಿಬ್ಬರೂ ಕೂಡಿ ಮ್ಯಾಸಚೂಸೆಟ್ಸಿನ 60ಕ್ಕೂ ಹೆಚ್ಚು ಊರುಗಳಲ್ಲಿ ಉಪನ್ಯಾಸ ಮಾಡಿದರು. ಪುರುಷರೂ ಸ್ತ್ರೀಯರೂ ಕೂಡಿದ ಸಭೆಯಲ್ಲಿ ಹೆಂಗಸು ಮಾತನಾಡುವುದು ಅಂದಿಗೆ ಅನುಚಿತವೆನಿಸಿತ್ತು. ಪಾದ್ರಿಗಳು ಖಂಡನಪತ್ರವನ್ನು ಹೊರಡಿಸಿದರು. ಧರ್ಮವು ಗಂಡಿಗೊಂದು, ಹೆಣ್ಣಿಗೊಂದು ಎಂಬ ಭೇದವನ್ನು ದೇವರು ಮಾಡಿಲ್ಲವೆಂಬುದೇ ಸೋದರಿಯರ ಸಮಾಧಾನ. 1838ರ ಫೆಬ್ರವರಿಯಲ್ಲಿ ಏಂಜಲಿನಾ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ನಿಂತು ಮಾತನಾಡಿದಳು. ಅಮೆರಿಕದ ಶಾಸನಸಭೆಯೊಂದರಲ್ಲಿ ಹಾಗೆ ಮಾತನಾಡಿದ ಮೊದಲ ಸ್ತ್ರೀ ಆಕೆಯೇ.

ಅದೇ ವರ್ಷ ಮೇ 14ರಂದು ದಾಸ್ಯವಿರೋಧಿ ವಾಗ್ಮಿ ಥಿಯೊಡೋರ್ ವೆಲ್ಡನೊಡನೆ ಆಕೆಯ ವಿವಾಹವಾಯಿತು. ಪತ್ನಿಯ ಸ್ವತ್ತಿನ ಮೇಲೆ ಕಾನೂನು ಕೊಟ್ಟಿದ್ದ ಹಕ್ಕನ್ನು ವರನು ಸ್ವತಃ ತ್ಯಜಿಸಿದನು. ಬಿಳಿಯರೂ ಕರಿಯರೂ ಒಂದೇ ಕಡೆ ಕೂಡಿ ಮಂಗಳ ಹಾರೈಸಿದರು. ಎರಡು ದಿನಗಳ ಬಳಿಕ, ಹೊಸದಾಗಿ ಕಟ್ಟಿದ ಪೆನ್ಸಿಲ್ವೇನಿಯಾ ಭವನದಲ್ಲಿ ಆಕೆ ಮಾತನಾಡುತ್ತಿರಲು ಹೊರಗಿನಿಂದ ಕಲ್ಲುಗಳು ಬಂದೆರಗಿದವು. ಕಿಟಕಿಯ ಗಾಜುಗಳು ಒಡೆದರೂ ಆಕೆಯ ವಾಣಿ ನಿಲ್ಲಲಿಲ್ಲ. ಮರುದಿನ ರಾತ್ರಿ ಆ ಭವನವನ್ನು ದೊಂಬಿಯವರು ಸುಟ್ಟು ಬೂದಿ ಮಾಡಿದರು. ಕ್ವೇಕರರೂ ಸೋದರಿಯರನ್ನು ತಮ್ಮ ಸಂಘದಿಂದ ತೆಗೆದುಹಾಕಿದರು.

1865ರಲ್ಲಿ ಗುಲಾಮಗಿರಿಯು ಶಾಸನದಿಂದ ಅಳಿಯಿತು. ಆದರೆ ಏಂಜಲಿನಾಳಿಗೆ ಪರಮಪರೀಕ್ಷೆಯು ಇನ್ನೂ ಕಾದಿತ್ತು. 1868ರಲ್ಲಿ, ಕರಿಯರ ವಿದ್ಯಾಲಯವೊಂದರಲ್ಲಿ ಗ್ರಿಮ್ಕೆ ಎಂಬ ಹೆಸರಿನ ವಿದ್ಯಾರ್ಥಿಯಿರುವ ವಾರ್ತೆಯನ್ನು ಆಕೆ ಪತ್ರಿಕೆಯಲ್ಲಿ ಓದಿದಳು. ಪತ್ರ ಬರೆದು ವಿಚಾರಿಸಲಾಗಿ, ತನ್ನ ಅಣ್ಣ ಹೆನ್ರಿಗೆ ನ್ಯಾನ್ಸಿ ವೆಸ್ಟನ್ ಎಂಬ ಗುಲಾಮ ಸ್ತ್ರೀಯಲ್ಲಿ ಮೂವರು ಗಂಡುಮಕ್ಕಳು ಜನಿಸಿದ್ದರೆಂದೂ ಆತನ ಮರಣಾನಂತರ ಅವರು ಗ್ರಿಮ್ಕೆ ಮನೆತನದವರ ಕೈಯಲ್ಲೇ ದಾಸ್ಯವನ್ನು ಅನುಭವಿಸಿದರೆಂದೂ ತಿಳಿಯಿತು. ಮನೆತನದ ಮರ್ಯಾದೆಗೆ ಅಂಜಿ ಮೌನವಾಗಿದ್ದಿದ್ದರೆ ಕೇಳುವವರಾರೂ ಇರಲಿಲ್ಲ. ಆಕೆ ಅವರಿದ್ದೆಡೆಗೇ ಹೋಗಿ, ಇವರು ತನ್ನ ಅಣ್ಣನ ಮಕ್ಕಳೆಂದು ಲೋಕದೆದುರು ಒಪ್ಪಿಕೊಂಡಳು. ತಮಗೇ ಸಿರಿಯಿರದಿದ್ದರೂ ಅಕ್ಕತಂಗಿಯರು ಅವರ ವಿದ್ಯಾಭ್ಯಾಸಕ್ಕೆ ನೆರವಾದರು. ಆರ್ಚಿಬಾಲ್ಡನು ಹಾರ್ವರ್ಡಿನಲ್ಲಿ ನ್ಯಾಯಶಾಸ್ತ್ರವನ್ನೋದಿ ವಕೀಲನಾದನು. ಫ್ರಾನ್ಸಿಸನು ಪ್ರಿನ್ಸ್‌ಟನ್ನಿನಲ್ಲಿ ಧರ್ಮಶಾಸ್ತ್ರವನ್ನೋದಿ ಬೋಧಕನಾದನು.

ಸಾರಾ 1873ರಲ್ಲಿಯೂ ಏಂಜಲಿನಾ 1879ರಲ್ಲಿಯೂ ದೇಹವಿಟ್ಟರು. ಮರುವರ್ಷ ಆರ್ಚಿಬಾಲ್ಡನಿಗೆ ಹುಟ್ಟಿದ ಮಗಳಿಗೆ ಏಂಜಲಿನಾ ವೆಲ್ಡ್ ಎಂದು ಹೆಸರಿಟ್ಟರು. ಆ ಬಾಲೆಯು ಮುಂದೆ ಕವಯಿತ್ರಿಯೆಂದು ಪ್ರಸಿದ್ಧಳಾದಳು. ಒಡೆಯರ ಮನೆಯಲ್ಲಿ ಹುಟ್ಟಿದವಳ ಹೆಸರನ್ನು ದಾಸ್ಯದಿಂದ ಬಿಡುಗಡೆಗೊಂಡವನು ಪ್ರೀತಿಯಿಂದ ತನ್ನ ಮಗಳಿಗೆ ಇಟ್ಟನು. ನುಡಿದಂತೆ ನಡೆದ ಬಾಳಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕವು ಬೇಕಿಲ್ಲ.