ಸಂತ ಬ್ರಿಜಿತಮ್ಮನವರು ಮತ್ತು ಅವರ ಪುಣ್ಯಬಾವಿಗಳು

ಐರ್ಲೆಂಡ್ ದೇಶದ ಹಳ್ಳಿಗಾಡಿನಲ್ಲಿ ಸಂತ ಬ್ರಿಜಿತಮ್ಮನವರ ಹೆಸರನ್ನು ಹೊತ್ತ ಬಾವಿಗಳು ಹಲವಾರಿವೆ. ಆ ನೀರಿಗೂ ಈ ಮಹಾಸಾಧ್ವಿಯ ಬಾಳಿಗೂ ಇರುವ ನಂಟನ್ನು ಶತಮಾನೋತ್ಸವದ ಈ ಸಂದರ್ಭದಲ್ಲಿ ಭಕ್ತಾದಿಗಳ ಮುಂದಿರಿಸಬಯಸುತ್ತೇವೆ.

ಅವರು ಸುಮಾರು ಕ್ರಿ.ಶ. 451ರಲ್ಲಿ ಜನಿಸಿದರೆಂಬುದು ಪರಂಪರೆಯ ಮಾತು. ತಂದೆ ಕ್ರೈಸ್ತನಲ್ಲದ ಪಾಳೆಯಗಾರ, ತಾಯಿ ದಾಸಿ. ಹಾಲು ಕರೆದು, ಬೆಣ್ಣೆ ಕಡೆದು ಬೆಳೆದ ಬಾಲೆ ಕೈಗೆ ಸಿಕ್ಕಿದುದನ್ನೆಲ್ಲ ಬಡವರಿಗೆ ಇತ್ತುಬಿಡುತ್ತಿದ್ದರು. ಬೇಸತ್ತ ತಂದೆ ಮಗಳನ್ನು ಅರಸನಿಗೆ ಮಾರಲು ಕರೆದೊಯ್ದನು. ಅವನು ಒಳಗೆ ಮಾತನಾಡುತ್ತಿರಲು, ಹೊರಗೆ ಕಾಯುತ್ತಿದ್ದ ಮಗಳು ತಂದೆಯ ಖಡ್ಗವನ್ನೇ ಒಬ್ಬ ಕುಷ್ಠರೋಗಿಗೆ ದಾನಮಾಡಿದರಂತೆ! ಅರಸನು ಕ್ರೈಸ್ತನಾಗಿದ್ದು, ಆಕೆಯ ಪುಣ್ಯವನ್ನು ಮೆಚ್ಚಿದನೆಂದು ಕಥೆ.

ಸುಮಾರು 480ರಲ್ಲಿ ಅವರು ಕಿಲ್ಡೇರಿನಲ್ಲಿ ಮಠವನ್ನು ಸ್ಥಾಪಿಸಿದರು. ಓಕ್ ಮರದ ದೇವಾಲಯವೆಂದು ಆ ಹೆಸರಿನ ಅರ್ಥ. ಅಲ್ಲಿ ಕನ್ಯೆಯರೂ ಸನ್ಯಾಸಿಗಳೂ ಇದ್ದರು. ಧರ್ಮಾಧ್ಯಕ್ಷ ಕೊನ್ಲೆತರು ಜೊತೆಗೂಡಿದರು. 7ನೆಯ ಶತಮಾನದಲ್ಲಿ ಕೊಗಿಟೋಸಸ್ ಎಂಬ ಮಠವಾಸಿ ಅವರ ಚರಿತ್ರೆಯನ್ನು ಲತೀನಿನಲ್ಲಿ ಬರೆದರು. ನೀರನ್ನು ಬಿಯರ್ ಆಗಿ ಮಾರ್ಪಡಿಸಿದ ಪವಾಡವೂ ಅದರಲ್ಲುಂಟು. (ನಮ್ಮ ಕೆಲವು ಭಕ್ತರಿಗೆ ಇದೊಂದೇ ನೆನಪಿನಲ್ಲಿ ಉಳಿದೀತೆಂಬ ಭಯ ನಮಗಿದೆ.) ಸುಮಾರು 525ರಲ್ಲಿ ಅವರು ದೈವಾಧೀನರಾದರು, ಫೆಬ್ರವರಿ 1 ಅವರ ಹಬ್ಬ.

ಬಾವಿಗೆ ಬಂದವರು ಸೂರ್ಯನ ಚಲನೆಯಂತೆ ಬಲಕ್ಕೆ ಸುತ್ತುತ್ತ, ಸುತ್ತುಗಳನ್ನು ಬೆಣಚುಕಲ್ಲುಗಳಿಂದ ಎಣಿಸುತ್ತ ಜಪ ಮಾಡುವರು. ನೀರು ಕುಡಿದು, ಪಕ್ಕದ ಮರಕ್ಕೆ ಬಟ್ಟೆಯ ಚೂರನ್ನು ಕಟ್ಟುವರು. ಇದು ಅಜ್ಞಾನಿಗಳ ಮೂಢನಂಬಿಕೆಯೆಂದು ಹಳಿದವರುಂಟು. ಜಾತ್ರೆಯ ಕುಡಿತ, ಜಗಳಗಳಿಗೆ ಬೇಸತ್ತು ಧರ್ಮಾಧ್ಯಕ್ಷರೂ ಕೆಲವೆಡೆ ತಡೆದರು. ಆ ತಡೆಯನ್ನು ನಾವು ಅಲ್ಲಗಳೆಯೆವು. ಆದರೆ 1704ರ ಶಾಸನವನ್ನು ನೆನೆಯಬೇಕು. ಬಾವಿಗಳ ಬಳಿ ಕೂಡುವುದು ಅದರ ಪ್ರಕಾರ ಅಪರಾಧ. 10 ಶಿಲ್ಲಿಂಗ್ ದಂಡ ತೆರಲಾಗದ ಬಡವನಿಗೆ ಬಹಿರಂಗ ಛಡಿಯೇಟು. ದೇವಾಲಯಗಳು ಕೈತಪ್ಪಿ, ಗುರುಗಳು ತಲೆಮರೆಸಿಕೊಂಡಿದ್ದ ಕಾಲದಲ್ಲಿ ರೈತಾಪಿ ಜನ ಈ ನೀರಿನ ಅಂಚಿನಲ್ಲಿ ಮೊಣಕಾಲೂರಿದರು. ಅವರನ್ನು ಮೂಢರೆನ್ನಲು ನಮಗೆ ನಾಲಗೆ ಬಾರದು. ಕ್ರಿಸ್ತಪೂರ್ವದ ದೇವತೆಯೊಬ್ಬಳಿಗೂ ಇದೇ ಹೆಸರಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಇದ್ದಿರಲಿ, ಹಳೆಯ ಚಿಲುಮೆಗೆ ಧರ್ಮಸಭೆ ದೀಕ್ಷಾಸ್ನಾನವಿತ್ತರೆ ತಪ್ಪೇನು?

2023ರಿಂದ ಐರ್ಲೆಂಡಿನಲ್ಲಿ ಅವರ ಹಬ್ಬದ ಗೌರವಾರ್ಥ ಸಾರ್ವಜನಿಕ ರಜೆಯಿದೆ. ಕ್ಲೇರ್ ಪ್ರಾಂತ್ಯದ ಲಿಸ್ಕಾನರಿನಲ್ಲಿ ಬಾವಿಗೆ ಹೋಗುವ ಕಲ್ಲಿನ ಓಣಿಯ ಗೋಡೆಗಳ ತುಂಬ ಜಪಸರಗಳು, ಸ್ವರೂಪಗಳು, ಅಗಲಿದವರ ಭಾವಚಿತ್ರಗಳು. ಅವುಗಳ ಕೊನೆಯಲ್ಲಿ ಆ ನೀರು.